ಸಿಲ್ಫ್ರಾ ನೀರಿಗೆ ಇಳಿಯುವ ಮುಂಚಿನ ಅರ್ಧ ಗಂಟೆ

ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನಲ್ಲಿ ನೀರು ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್. ಬೇಸಿಗೆ, ಚಳಿಗಾಲ ಎಂಬ ಭೇದವಿಲ್ಲ. ಮನೆಯ ಫ್ರಿಜ್ಜಿನಲ್ಲಿಟ್ಟ ಬಾಟಲಿ ನೀರು ಹೆಚ್ಚುಕಡಿಮೆ ಇಷ್ಟು ತಣ್ಣಗಿರುತ್ತದೆ. ಅಂಥದ್ದರಲ್ಲಿ ಮುಖ ಅದ್ದಿಕೊಂಡು, ಬಾಯಲ್ಲಿಟ್ಟ ಕೊಳವೆಯಿಂದ ಉಸಿರಾಡುತ್ತ 30–40 ನಿಮಿಷ ತೇಲುವುದಕ್ಕೆ, ಅಂದರೆ ಸ್ನಾರ್ಕಲಿಂಗಿಗೆ, ಜನ ದುಡ್ಡು ಕೊಟ್ಟು ಸರದಿಯಲ್ಲಿ ನಿಲ್ಲುತ್ತಾರೆ. ಹೋಗುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಚಳಿ ತಡೆಯೋಕಾಗುತ್ತಾ? ಮೈಗೆ ಚಳಿ ಅಷ್ಟಾಗಿ ಆಗುವುದಿಲ್ಲ. ಕೈಗೆ, ತುಟಿಗೆ ಆಗೇ ಆಗುತ್ತದೆ. ನೀರು ಬಾರದಂತೆ ತೊಡುವ ಡ್ರೈಸೂಟಿನೊಳಗೆ ನೀರು ನುಗ್ಗಿದರೆ ಮೈಗೂ ಆಗುತ್ತದೆ, ಆಗ ಐದು ನಿಮಿಷಕ್ಕೇ ಸಾಕಪ್ಪಾ ಅನ್ನಿಸಿಬಿಡುತ್ತದೆ. ನುಗ್ಗುತ್ತದೋ ಇಲ್ಲವೋ ಎಂಬುದು ಪಾರ್ಕಿಂಗ್ ಜಾಗದಲ್ಲೇ, ವ್ಯಾನಿನ ಪಕ್ಕ ನಿಂತು ಸೂಟು ತೊಡುವ ಅರ್ಧ ಗಂಟೆಯಲ್ಲೇ ತೀರ್ಮಾನವಾಗಿರುತ್ತದೆ. ಈ ಬರಹದ ಬಹುಪಾಲು ಆ ಅರ್ಧ ಗಂಟೆಯ ಬಗ್ಗೆಯೇ.

ಮೊದಲು ಜಾಗದ ವಿಷಯ. ಸಿಲ್ಫ್ರಾ ಇರುವುದು ಥಿಂಗ್‌ವೆಲ್ಲಿರ್ ರಾಷ್ಟ್ರೀಯ ಉದ್ಯಾನದೊಳಗೆ. ರಾಜಧಾನಿ ರೇಕ್ಯಾವಿಕ್‌ನಿಂದ 36ನೇ ನಂಬರಿನ ರಸ್ತೆ ಹಿಡಿದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಕ್ರಿ.ಶ. 930ರಲ್ಲಿ ಐಸ್‌ಲ್ಯಾಂಡಿನವರು ಬಯಲಿನಲ್ಲಿ ಕೂತು ಆಲ್ಥಿಂಗ್ ಎಂಬ ಸಭೆ ಶುರು ಮಾಡಿದ್ದು ಇಲ್ಲೇ. 1930ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಉತ್ತರ ಅಮೆರಿಕದ ಭೂಫಲಕ ಮತ್ತು ಯುರೇಷಿಯಾದ ಭೂಫಲಕ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಷ್ಟು ದೂರ ಸರಿಯುತ್ತಿರುವ ಕಣಿವೆ ಇದು. ನೆಲ ಸೀಳಿದಲ್ಲೆಲ್ಲ ಬಿರುಕುಗಳಿವೆ. 1789ರ ಭೂಕಂಪಗಳಲ್ಲಿ ಬಾಯ್ಬಿಟ್ಟದ್ದು ಸಿಲ್ಫ್ರಾ.

“ಎರಡೂ ಖಂಡಗಳನ್ನು ಒಟ್ಟಿಗೆ ಮುಟ್ಟಿ” ಎಂದು ಜಾಹೀರಾತಿನಲ್ಲಿ ಬರೆದಿರುತ್ತಾರೆ. ಫೋಟೋಗೆ ಚೆನ್ನಾಗಿರುತ್ತದೆ, ಆದರೆ ಭೂವಿಜ್ಞಾನ ಹಾಗೆ ಹೇಳುವುದಿಲ್ಲ. ಎರಡು ಫಲಕಗಳ ನಡುವಿನ ಸೀಳು ಹಲವು ಕಿಲೋಮೀಟರ್ ಅಗಲದ ಪಟ್ಟಿ, ಅದರೊಳಗಿನ ಹಲವಾರು ಬಿರುಕುಗಳಲ್ಲಿ ಸಿಲ್ಫ್ರಾ ಒಂದು. ಎಡಗೈ ಅಮೆರಿಕ, ಬಲಗೈ ಯುರೋಪು ಎನ್ನುವುದು ತಮಾಷೆಗೆ ಸರಿ. ಹೇಗೂ ಗೋಡೆ ಮುಟ್ಟಬಾರದೆಂಬ ನಿಯಮವೂ ಇದೆ. ಕಲ್ಲು ಸಡಿಲವಾಗಿರುತ್ತದೆ, ಪಾಚಿಯೂ ಹಾಳಾಗುತ್ತದೆ.

ಇಲ್ಲಿ ನಿಜಕ್ಕೂ ನೋಡಬೇಕಾದದ್ದು ನೀರನ್ನೇ. ಸುಮಾರು 50 ಕಿಲೋಮೀಟರ್ ಉತ್ತರದಲ್ಲಿರುವ ಲಾಂಗ್‌ಯೋಕುಲ್ ಹಿಮನದಿ ಕರಗಿ, ಆ ನೀರು ತೂತುತೂತಾದ ಲಾವಾ ಕಲ್ಲಿನೊಳಗೆ ಇಳಿಯುತ್ತದೆ. ನೆಲದಡಿಯಲ್ಲೇ ಸೋಸಿಕೊಂಡು ಇಲ್ಲಿ ಒಸರಾಗಿ ಬರುವ ಹೊತ್ತಿಗೆ 30ರಿಂದ 100 ವರ್ಷ ಆಗಿರುತ್ತದೆ. ಮಣ್ಣಿಲ್ಲ, ತೇಲುವ ಕಸವಿಲ್ಲ, ಹಾಗಾಗಿ ಅಡ್ಡಡ್ಡಲಾಗಿ 100 ಮೀಟರಿಗೂ ಹೆಚ್ಚು ದೂರ ಕಾಣುತ್ತದೆ. ನೀರು ಸದಾ ಹರಿಯುತ್ತಿರುವುದರಿಂದ ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ತೇಲುತ್ತಲೇ ಬೊಗಸೆ ತುಂಬ ಎತ್ತಿ ಕುಡಿಯಬಹುದು, ಎಲ್ಲರೂ ಕುಡಿಯುತ್ತಾರೆ.

ನಮ್ಮ ಕಡೆಯ ಹಲವರು ಸ್ನಾರ್ಕಲಿಂಗ್ ಮೊದಲ ಸಲ ಮಾಡುವುದು ಮುರುಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ. ಅಲ್ಲಿ ಮೀನು ನೋಡಲು ಇಳಿಯುತ್ತೀರಿ. ಸಿಲ್ಫ್ರಾದಲ್ಲಿ ಮೀನು ಅಪರೂಪ. ಬಿರುಕು ಕೂಡಿಕೊಳ್ಳುವ ಥಿಂಗ್ವಲ್ಲಾವಾಟ್ನ್ ಸರೋವರದಲ್ಲಿ ಆರ್ಕ್‌ಟಿಕ್ ಚಾರ್ ಎಂಬ ಮೀನಿನ ನಾಲ್ಕು ಬಗೆಗಳಿವೆ, ಅಲ್ಲಿಂದ ಯಾವುದಾದರೂ ಸಣ್ಣದು ಇತ್ತ ಬಂದರೆ ಪುಣ್ಯ. ಕಾಣುವುದು ಕಪ್ಪು ಬಸಾಲ್ಟ್ ಗೋಡೆ, ಆಳದಲ್ಲಿ ಬಿದ್ದಿರುವ ಮನೆಗಾತ್ರದ ಬಂಡೆಗಳು, ನೀರಿನ ನೀಲಿ, ಮತ್ತು ‘ಟ್ರೋಲ್ ಕೂದಲು’ ಎಂದು ಕರೆಯುವ ಕಣ್ಣು ಕುಕ್ಕುವ ಹಸಿರು ಪಾಚಿ. ಮೀನಿಗಾಗಿ ಹೋಗುವವರು ಹೋಗದಿರುವುದೇ ಒಳ್ಳೆಯದು.

ಯಾರು ಇಳಿಯಬಹುದು

ಒಬ್ಬೊಬ್ಬರೇ ಇಳಿಯುವ ಹಾಗಿಲ್ಲ. ಪರವಾನಗಿ ಪಡೆದ ಕಂಪನಿಯ ಗೈಡ್ ಜೊತೆಯೇ ಹೋಗಬೇಕು, ಒಬ್ಬ ಗೈಡ್‌ಗೆ ಹೆಚ್ಚೆಂದರೆ ಆರು ಜನ. 2017ರ ಮಾರ್ಚ್‌ನಲ್ಲಿ ಸ್ನಾರ್ಕಲಿಂಗ್ ಮಾಡುತ್ತಿದ್ದ ಪ್ರವಾಸಿಯೊಬ್ಬರು ತೀರಿಕೊಂಡ ಮೇಲೆ ಕೆಲವು ದಿನ ಬಿರುಕನ್ನೇ ಮುಚ್ಚಿ, ನಿಯಮ ಬಿಗಿ ಮಾಡಿದರು. ಸಾಮಾನ್ಯವಾಗಿ ಕೇಳುವುದು ಇಷ್ಟು: ವಯಸ್ಸು ಕನಿಷ್ಠ 12, ಎತ್ತರ ಸುಮಾರು 145–150 ಸೆಂಟಿಮೀಟರಿಗೆ ಕಡಿಮೆ ಇರಬಾರದು, ತೂಕ 45–50 ಕಿಲೋ ಮೇಲಿರಬೇಕು, 120 ಕಿಲೋ ಮೀರಬಾರದು. ಈ ಅಂಕಿಗಳು ಸುಮ್ಮನೆ ಬರೆದದ್ದಲ್ಲ. ಸೂಟಿನ ಅಳತೆಗಿಂತ ಮೈ ಚಿಕ್ಕದಾದರೆ ಕುತ್ತಿಗೆ, ಮಣಿಕಟ್ಟುಗಳಲ್ಲಿ ನೀರು ತಡೆಯುವ ರಬ್ಬರ್ ಅಂಚು (ಸೀಲ್) ಸರಿಯಾಗಿ ಕೂರುವುದಿಲ್ಲ. ಬುಕ್ ಮಾಡುವಾಗ ಎತ್ತರ, ತೂಕ, ಶೂ ಸೈಜು ಸರಿಯಾಗಿ ಬರೆಯಿರಿ. ನಾಲ್ಕು ಕಿಲೋ ಕಡಿಮೆ ಬರೆದರೆ ಬಿಗಿಯಾದ ಸೂಟು ಬರುತ್ತದೆ, ಗೈಡ್ ಎಲ್ಲರೆದುರು ವ್ಯಾನಿಗೆ ವಾಪಸ್ ಹೋಗಿ ಬೇರೆ ಸೂಟು ಹುಡುಕುತ್ತಾನೆ.

ಆರೋಗ್ಯದ ಫಾರಂ ಒಂದಿರುತ್ತದೆ. ಹೃದಯದ ತೊಂದರೆ, ಬಿಪಿ, ಆಸ್ತಮಾ, ಫಿಟ್ಸ್, ಇತ್ತೀಚಿನ ಆಪರೇಶನ್ ಎಲ್ಲ ಅದರಲ್ಲಿ ಕೇಳುತ್ತಾರೆ. ಒಂದಕ್ಕೆ ‘ಹೌದು’ ಅಂದರೂ ಡಾಕ್ಟರ ಸಹಿ ಬೇಕಾಗುತ್ತದೆ, 60 ದಾಟಿದವರಿಂದ ಸಾಮಾನ್ಯವಾಗಿ ಹೇಗೂ ಕೇಳುತ್ತಾರೆ. ಗರ್ಭಿಣಿಯರನ್ನು ಇಳಿಸುವುದಿಲ್ಲ. ಯುರೋಪಿನಲ್ಲಿರುವ ಮಕ್ಕಳು ಊರಿಂದ ಬಂದ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗುವ ಯೋಚನೆಯಲ್ಲಿದ್ದರೆ, ಆ ಫಾರಂ ಮೊದಲೇ ತರಿಸಿಕೊಂಡು ಊರಿನ ಡಾಕ್ಟರ ಹತ್ತಿರ ಸಹಿ ಹಾಕಿಸಿಕೊಂಡು ಬರಲಿ. ಐಸ್‌ಲ್ಯಾಂಡಿಗೆ ಇಳಿದ ಮೇಲೆ ಒಂದು ಸಹಿಗಾಗಿ ಡಾಕ್ಟರನ್ನು ಹುಡುಕುವುದು ದುಬಾರಿ, ಸಮಯವೂ ಇರುವುದಿಲ್ಲ. ಬಿಪಿ ಇರುವವರು ಫಾರಂನಲ್ಲಿ ಮುಚ್ಚಿಡಲೇಬೇಡಿ. ತಣ್ಣೀರಿಗೆ ಇಳಿದೊಡನೆ ಚರ್ಮದ ರಕ್ತನಾಳಗಳು ಮುದುಡಿ ರಕ್ತ ಎದೆಯ ಕಡೆ ನುಗ್ಗುತ್ತದೆ. ಕೆಲವರಿಗೆ ಅದರಿಂದ ಶ್ವಾಸಕೋಶದಲ್ಲಿ ನೀರು ಸೇರುವಷ್ಟು ಒತ್ತಡವಾಗುತ್ತದೆ. ಈಜುವಾಗ ಕಾರಣವಿಲ್ಲದೆ ಕೆಮ್ಮು, ಏದುಸಿರು ಶುರುವಾದರೆ ಅದರ ಲಕ್ಷಣ, ತಕ್ಷಣ ಗೈಡ್‌ಗೆ ಹೇಳಿ ಮೇಲೆ ಬರಬೇಕು.

ಈಜು ಬರಬೇಕೇ? ಬರಬೇಕು. ಸೂಟಿನಲ್ಲಿ ಗಾಳಿ ಇರುವುದರಿಂದ ಮುಳುಗಲು ಹೋದರೂ ಮುಳುಗುವುದಿಲ್ಲ, ಅದು ನಿಜ. ಆದರೆ ಮುಖ ಕೆಳಗೆ ಹಾಕಿ, ಬಾಯಲ್ಲೇ ಉಸಿರಾಡುತ್ತ ಅರ್ಧ ಗಂಟೆ ಗಾಬರಿಯಾಗದೆ ಇರಬೇಕಲ್ಲ. ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರಿಗೆ ನೀರಿನ ಹೆದರಿಕೆ ಇರುವುದಿಲ್ಲ, ಆದರೆ ಅವರು ಕಲಿತದ್ದು ತಲೆ ಮೇಲೆತ್ತಿ ಈಜುವುದು. ಹೊರಡುವ ಮುಂಚೆ ಹತ್ತಿರದ ಈಜುಕೊಳದಲ್ಲಿ ಮಾಸ್ಕ್, ಸ್ನಾರ್ಕೆಲ್ ಹಾಕಿಕೊಂಡು ಒಂದೇ ಸಮನೆ 20 ನಿಮಿಷ ತೇಲಿ ನೋಡಿ. ಆಗುವುದಾದರೆ ಸಿಲ್ಫ್ರಾದಲ್ಲೂ ಆಗುತ್ತದೆ.

ಒಳಗೆ ಏನು ಹಾಕಿಕೊಳ್ಳಬೇಕು

ಡ್ರೈಸೂಟ್ ಎಂದರೆ ಕುತ್ತಿಗೆಯಿಂದ ಪಾದದವರೆಗೆ ನೀರು ಬಾರದ ಒಂದೇ ಚೀಲ. ಬೂಟು ಅದಕ್ಕೇ ಅಂಟಿರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆಯುತ್ತದೆ, ಆದ್ದರಿಂದ ಇಡೀ ಲೆಕ್ಕ ಮೈ ಮತ್ತು ನೀರಿನ ನಡುವೆ ಒಣ ಗಾಳಿಯ ಪದರ ಉಳಿಸಿಕೊಳ್ಳುವುದು. ಬೆಚ್ಚಗಿಡುವುದು ಒಳಗಿನ ಬಟ್ಟೆ, ಸೂಟು ಆ ಬಟ್ಟೆಯನ್ನು ಒಣಗಿಸಿಡುತ್ತದೆ ಅಷ್ಟೇ. (ವೆಟ್‌ಸೂಟ್ ಬೇರೆ: ಅದರಲ್ಲಿ ನೀರು ಒಳಗೆ ಬಂದು ಚರ್ಮಕ್ಕೆ ತಾಗುತ್ತದೆ, ದಪ್ಪ ನಿಯೋಪ್ರೀನ್ ರಬ್ಬರು ಅದನ್ನು ಹಿಡಿದಿಡುತ್ತದೆ. ಸಿಲ್ಫ್ರಾದಲ್ಲಿ ಅದನ್ನೂ ಕೊಡುವವರಿದ್ದಾರೆ, ಕೆಳಗೆ ಮುಳುಗಿ ಬರುವ ಆಸೆ ಇರುವವರಿಗೆ. ಮೊದಲ ಸಲದವರಿಗೆ ಬೇಡ.)

ಕಂಪನಿಯವರು ಹೊದಿಕೆಯಂಥ ದಪ್ಪ ಒಳಸೂಟು ಕೊಡುತ್ತಾರೆ. ಅದರ ಒಳಗೆ ನಿಮ್ಮದು: ಮೈಗೆ ಅಂಟುವ ತೆಳು ಥರ್ಮಲ್, ಮೇಲೊಂದು ಕೆಳಗೊಂದು, ಉಣ್ಣೆಯದೋ ಸಿಂಥೆಟಿಕ್ಕೋ. ದಪ್ಪ ಉಣ್ಣೆಯ ಕಾಲುಚೀಲ ಒಂದು ಜೊತೆ. ಅಷ್ಟು ಸಾಕು. ಹತ್ತಿ ಬನಿಯನ್, ಜೀನ್ಸ್ ಬೇಡ. ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗಿ ಮೈಗೆ ಅಂಟುತ್ತದೆ. ಟೋಪಿ ಇರುವ ಸ್ವೆಟರ್ ಬೇಡ, ಅದು ಕುತ್ತಿಗೆಯಲ್ಲಿ ಮುದ್ದೆಯಾಗಿ ಸೀಲನ್ನು ಎತ್ತುತ್ತದೆ. ಎರಡು ಜೊತೆ ಕಾಲುಚೀಲ ಹಾಕಿ ಬೂಟಿನೊಳಗೆ ಪಾದ ಬಿಗಿಯಾದರೆ ರಕ್ತ ಓಡದೆ ಇನ್ನೂ ತಣ್ಣಗಾಗುತ್ತದೆ, ಇದು ತುಂಬ ಜನ ಮಾಡುವ ತಪ್ಪು. ಬ್ಯಾಗಿನಲ್ಲಿ ಇನ್ನೊಂದು ಇಡೀ ಜೊತೆ ಬಟ್ಟೆ, ಒಂದು ಟವೆಲ್ ಇರಲೇಬೇಕು. ನೀರು ನುಗ್ಗಲಿಲ್ಲವಾದರೆ ಅದು ಬೇಕಾಗುವುದಿಲ್ಲ, ನುಗ್ಗಿದರೆ ಅದಿಲ್ಲದೆ ಗತಿಯಿಲ್ಲ.

ಎರಡು ಗಂಟೆ ಮುಂಚೆ ಹೊಟ್ಟೆ ತುಂಬ ತಿನ್ನಿ. ಬರಿಹೊಟ್ಟೆಯಲ್ಲಿ ಚಳಿ ಬೇಗ ಹತ್ತುತ್ತದೆ. ಸಸ್ಯಾಹಾರಿಗಳು ಹಿಂದಿನ ದಿನ ಸೂಪರ್‌ಮಾರ್ಕೆಟ್ಟಿನಿಂದ ಬ್ರೆಡ್, ಚೀಸ್, ಸ್ಕೀರ್ ಎಂಬ ಗಟ್ಟಿ ಮೊಸರಿನಂಥದ್ದು ತಂದಿಟ್ಟುಕೊಳ್ಳಬಹುದು. ಊರಿಂದ ತಂದ ಚಪಾತಿ ಚಟ್ನಿಪುಡಿ ಇದ್ದರಂತೂ ಯೋಚನೆಯೇ ಇಲ್ಲ. ಸೂಟು ಹತ್ತಿಸುವ ಮುಂಚೆ ಶೌಚಾಲಯಕ್ಕೆ ಹೋಗಿಬನ್ನಿ. ಒಮ್ಮೆ ಜಿಪ್ಪು ಹಾಕಿದ ಮೇಲೆ ಇನ್ನೆರಡು ಗಂಟೆ ಅದು ಸಾಧ್ಯವಿಲ್ಲ, ತಣ್ಣೀರಿನಲ್ಲಿ ಮೂತ್ರ ಬೇರೆ ಜಾಸ್ತಿ ಬರುತ್ತದೆ.

ಒಡವೆ, ದಾರ, ಮೀಸೆ

ಸೂಚನೆಯ ಹಾಳೆಯಲ್ಲಿ ‘ಆಭರಣ ತೆಗೆಯಿರಿ’ ಎಂದಷ್ಟೇ ಇರುತ್ತದೆ. ನಮ್ಮವರಿಗೆ ಅಷ್ಟು ಸಾಲದು. ಬಳೆ, ಕಡಗ, ವಾಚು, ಉಂಗುರ ಎಲ್ಲ ತೆಗೆದು ಹೋಟೆಲಿನಲ್ಲೇ ಇಟ್ಟು ಬನ್ನಿ. ಮಣಿಕಟ್ಟಿನ ಸೀಲ್ ತೆಳು ರಬ್ಬರು, ಉಂಗುರದ ಕಲ್ಲಿಗೆ ಸಿಕ್ಕಿದರೆ ಹರಿಯುತ್ತದೆ, ಹರಿದರೆ ದಂಡ ಕಟ್ಟಬೇಕಾಗಬಹುದು.

ಮಣಿಕಟ್ಟಿಗೆ ದೇವಸ್ಥಾನದಲ್ಲಿ ಕಟ್ಟಿದ ಕೆಂಪು ದಾರ ಇದ್ದರೆ ಅದು ಎಲ್ಲಕ್ಕಿಂತ ಕೆಟ್ಟದ್ದು. ಯಾರೂ ಅದನ್ನು ಒಡವೆ ಅಂದುಕೊಳ್ಳುವುದಿಲ್ಲ, ತೆಗೆಯುವುದೂ ಇಲ್ಲ. ಸೀಲಿನ ಅಡಿಗೆ ಸಿಕ್ಕ ದಾರ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರು ಎಳೆಯುತ್ತದೆ. ಹೊರಗಡೆ ಒಂದು ತುದಿ, ಒಳಗಡೆ ಒಂದು ತುದಿ, ಹತ್ತು ನಿಮಿಷದಲ್ಲಿ ಮೊಣಕೈವರೆಗೆ ತೋಳು ಒದ್ದೆ. ಬಿಚ್ಚಲು ಮನಸ್ಸಿಲ್ಲದಿದ್ದರೆ ಮೊಣಕೈ ಹತ್ತಿರಕ್ಕೆ ಮೇಲೆ ಸರಿಸಿ, ಸೀಲಿನಿಂದ ನಾಲ್ಕು ಬೆರಳು ದೂರ ಇರುವಂತೆ ನೋಡಿಕೊಳ್ಳಿ. ಸರಿಯದಷ್ಟು ಬಿಗಿ ಇದ್ದರೆ ಕತ್ತರಿಸುವುದೇ ದಾರಿ. ತಾಳಿ ಸರ ತೆಗೆಯಲು ಇಷ್ಟವಿಲ್ಲದವರು ಕುತ್ತಿಗೆಯ ಸೀಲಿಗಿಂತ ಕೆಳಗೆ, ಒಳಬಟ್ಟೆಯೊಳಗೆ ಇಳಿಬಿಟ್ಟು, ಹಿಂಭಾಗದಲ್ಲೂ ಸರ ಕುತ್ತಿಗೆಯ ಬುಡದಲ್ಲೇ ಕೂತಿದೆಯೇ ಎಂದು ಗೈಡ್ ಹತ್ತಿರ ನೋಡಿಸಿಕೊಳ್ಳಿ. ಜುಮುಕಿ, ಓಲೆ ತಲೆ ಮುಚ್ಚುವ ಹುಡ್ಡಿನಡಿ ಒತ್ತಿ ಕಿವಿ ನೋಯುತ್ತದೆ. ಸಣ್ಣ ಮೂಗುಬೊಟ್ಟು ಮಾಸ್ಕಿನ ಮೂಗಿನ ಗೂಡಿನೊಳಗೆ ಇದ್ದುಬಿಡುತ್ತದೆ, ನತ್ತು ಆಗುವುದಿಲ್ಲ.

ಉದ್ದ ಕೂದಲನ್ನು ಕುತ್ತಿಗೆಯ ಹತ್ತಿರ ಸಡಿಲ ಜಡೆ ಹಾಕಿ. ತುರುಬು ಕಟ್ಟಿದರೆ ಹುಡ್ಡು ಹತ್ತುವುದಿಲ್ಲ, ಕ್ಲಿಪ್ಪು ಇದ್ದರೆ ಚುಚ್ಚುತ್ತದೆ. ಕುತ್ತಿಗೆಯ ಸೀಲಿನಡಿ ಒಂದು ಎಳೆ ಕೂದಲು ಸಿಕ್ಕರೂ ದಾರದ ಕಥೆಯೇ. ಮೀಸೆ ಇರುವವರಿಗೆ ಮಾಸ್ಕಿನ ಅಂಚು ಮೂಗಿನ ಕೆಳಗೆ ಕೂರುವುದಿಲ್ಲ, ಸೋರುತ್ತದೆ. ಮೂಗಿನ ಅಡಿಯಲ್ಲಿ ಬೆರಳಿನ ಅಗಲ ಬೋಳಿಸುವುದು, ಇಲ್ಲವೇ ಸಿಲಿಕೋನ್ ಗ್ರೀಸ್ ಹಚ್ಚುವುದು. ಗಿರಿಜಾ ಮೀಸೆಯವರು ಗ್ರೀಸ್ ಹಚ್ಚಿಯೂ ಸ್ವಲ್ಪ ಸೋರುತ್ತದೆಂದು ತಿಳಿದೇ ಇಳಿಯಬೇಕು. ಕನ್ನಡಕದವರು ಮಾಸ್ಕಿನೊಳಗೆ ಕನ್ನಡಕ ಹಾಕುವಂತಿಲ್ಲ: ಕಾಂಟ್ಯಾಕ್ಟ್ ಲೆನ್ಸ್, ಅಥವಾ ಪವರ್ ಇರುವ ಮಾಸ್ಕ್ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳುವುದು.

ಸೂಟು ತೊಡುವುದು

ಕಾಲು ಸುಲಭ. ಪ್ಯಾಂಟು ಹಾಕಿದ ಹಾಗೆ ಒಂದೊಂದಾಗಿ ಇಳಿಸಿ, ಪಾದ ಬೂಟಿನ ಹಿಮ್ಮಡಿಗೆ ತಾಗುವವರೆಗೆ ಎಳೆದುಕೊಳ್ಳಿ. ತೊಡೆಸಂಧಿಯ ಹತ್ತಿರ ಬಟ್ಟೆ ಜೋತುಬಿದ್ದರೆ ಹೆಜ್ಜೆ ಹಾಕಲಾಗುವುದಿಲ್ಲ, ಆಮೇಲೆ ಸರಿಮಾಡಲೂ ಬರುವುದಿಲ್ಲ.

ಕೈ ತೂರಿಸುವುದಕ್ಕೆ ಬಳೆಗಾರನ ಮುಂದೆ ಕೂತು ಅಭ್ಯಾಸವಿರುವವರಿಗೆ ಪಾಠ ಬೇಕಿಲ್ಲ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ನಾಲ್ಕೂ ಬೆರಳು ಒತ್ತಟ್ಟಿಗೆ ಮಾಡಿ, ಕೈ ಮೊನಚಾಗಿಸಿ, ಸೀಲಿನೊಳಗೆ ತಳ್ಳಿ. ಸೋಪಿನ ನೀರು ಸವರಿದರೆ ಜಾರುತ್ತದೆ. ಸೀಲಿನ ಅಂಚನ್ನು ಉಗುರಿನಿಂದ ಹಿಡಿದು ಎಳೆಯಬೇಡಿ, ಬೆರಳ ತುದಿಯ ಮೆತ್ತೆಯಿಂದ ಹಿಗ್ಗಿಸಿ. ಸೀಲ್ ಮಣಿಕಟ್ಟಿನ ಮೂಳೆ ದಾಟಿ ಮೇಲಿನ ಸಪಾಟು ಭಾಗಕ್ಕೆ ಬರಬೇಕು, ಒಳಸೂಟಿನ ತೋಳು ಅದರಡಿಗೆ ಒಂದಿಷ್ಟೂ ಸಿಕ್ಕಿರಬಾರದು.

ಕುತ್ತಿಗೆಯದ್ದು ಜನ ಹೆದರುವ ಭಾಗ. ತಲೆ ಬಗ್ಗಿಸಿ, ಎರಡೂ ಕೈಯಿಂದ ಸೀಲ್ ಹಿಗ್ಗಿಸಿಟ್ಟು, ಉಸಿರು ಹಿಡಿದು ಒಮ್ಮೆಲೇ ತೂರಿಸಿ. ಮೂಗಿನ ಹತ್ತಿರ ನಿಲ್ಲಿಸಿದರೆ ಉಸಿರುಗಟ್ಟಿದಂತಾಗಿ ಗಾಬರಿಯಾಗುತ್ತದೆ. ಹಾಕಿದ ಮೇಲೆ ಯಾರೋ ಕತ್ತು ಹಿಡಿದಂತಿರುತ್ತದೆ. ಅದು ಸಹಜ. ಎಷ್ಟು ಬಿಗಿ ಸರಿ? ಎಂಜಲು ನುಂಗಲು ಬರಬೇಕು, ಮಾತು ಆಡಲು ಬರಬೇಕು. ಮುಖ ಕೆಂಪಾದರೆ, ತಲೆ ಸುತ್ತಿದರೆ, ಕಣ್ಣ ಮುಂದೆ ಕಪ್ಪು ಬಂದರೆ ಬಿಗಿ ಹೆಚ್ಚಾಗಿದೆ. ಕತ್ತಿನ ರಕ್ತನಾಳದ ಮೇಲೆ ಒತ್ತಡ ಬಿದ್ದರೆ ಹಾಗಾಗುತ್ತದೆ. ನಾಚಿಕೆಪಟ್ಟುಕೊಳ್ಳದೆ ಬೇರೆ ಸೂಟು ಕೇಳಿ.

ಜಿಪ್ಪು ಬಹುತೇಕ ಸೂಟುಗಳಲ್ಲಿ ಬೆನ್ನ ಮೇಲೆ, ಭುಜದಿಂದ ಭುಜಕ್ಕೆ. ನಿಮಗೆ ಹಾಕಿಕೊಳ್ಳಲಾಗದು, ಗೈಡ್ ಹಾಕುತ್ತಾನೆ. ಸೂಟಿನೊಳಕ್ಕೆ ಬಕೆಟ್‌ಗಟ್ಟಲೆ ನೀರು ನುಗ್ಗುವುದು ಹರಿದಿದ್ದರಿಂದಲ್ಲ, ಹೆಚ್ಚಾಗಿ ಜಿಪ್ಪಿನ ಕೊನೆಯ ಒಂದು ಸೆಂಟಿಮೀಟರ್ ಮುಚ್ಚದೆ ಉಳಿದಿದ್ದರಿಂದ. ಆದ್ದರಿಂದ ಜೊತೆಯವರ ಬೆನ್ನನ್ನು ನೀವು ನೋಡಿ, ನಿಮ್ಮದನ್ನು ಅವರು ನೋಡಲಿ. ಜಿಪ್ಪಿನ ಹಲ್ಲುಗಳ ನಡುವೆ ಒಳಸೂಟಿನ ಬಟ್ಟೆ ಕಚ್ಚಿಕೊಂಡಿದೆಯೇ ಎಂದೂ ನೋಡಬೇಕು.

ಈಗ ಗಾಳಿ ತೆಗೆಯುವುದು. ಕುಕ್ಕರಗಾಲಲ್ಲಿ ಕೂತು, ಮೊಣಕಾಲನ್ನು ತಬ್ಬಿಕೊಂಡು, ಎರಡು ಬೆರಳಿನಿಂದ ಕುತ್ತಿಗೆಯ ಸೀಲನ್ನು ಸ್ವಲ್ಪ ಬಿಡಿಸಿದರೆ ಬುಸ್ಸೆಂದು ಗಾಳಿ ಹೊರಬರುತ್ತದೆ. ಸೀಲ್ ಬಿಟ್ಟಮೇಲೆ ಎದ್ದು ನಿಲ್ಲಿ. ಸೂಟು ಮೈಗೆ ಅಂಟಿದಂತಿದ್ದರೆ ಸರಿ, ಪ್ಯಾಕೆಟ್ ಹಾಲಿನ ಹಾಗೆ ಉಬ್ಬಿದ್ದರೆ ಇನ್ನೊಮ್ಮೆ ಕೂರಿ. ಇದನ್ನು ಅರ್ಧಂಬರ್ಧ ಮಾಡಿದವರೇ ನೀರಿನಲ್ಲಿ ಕಾಲು ಮೇಲಾಗಿ ತೇಲುವುದು. ಕುತ್ತಿಗೆಗೂ ಮಣಿಕಟ್ಟಿಗೂ ರಬ್ಬರ್ ಪಟ್ಟಿ ಹಾಕಿ ಕೆಲವರು ಇನ್ನಷ್ಟು ಬಿಗಿ ಮಾಡುತ್ತಾರೆ.

ಬೇಸಿಗೆಯಲ್ಲಿ ಸೂಟು ಹಾಕಿಕೊಂಡು ಅತ್ತಿತ್ತ ಓಡಾಡಿ ಫೋಟೋ ತೆಗೆಸಿಕೊಳ್ಳಬೇಡಿ. ಒಳಗೆ ಬೆವರಿದರೆ ನೀರಿನಲ್ಲಿ ಅದೇ ತಣ್ಣಗಾಗುತ್ತದೆ, ಆಮೇಲೆ ‘ಸೂಟು ಸೋರಿತು’ ಎನ್ನುವವರಲ್ಲಿ ಎಷ್ಟೋ ಮಂದಿಯದು ಬರೀ ಬೆವರು.

ಕೊನೆಗೆ ಹುಡ್ಡು, ಮಾಸ್ಕ್, ಗ್ಲೌಸ್. ಮಾಸ್ಕಿನ ಸಿಲಿಕೋನ್ ಅಂಚು ಚರ್ಮದ ಮೇಲೆಯೇ ಕೂರಬೇಕು, ಹುಡ್ಡಿನ ಬಟ್ಟೆಯ ಮೇಲೆ ಕೂತರೆ ಸೋರುತ್ತದೆ. ಹಾಗೆಂದು ಎರಡರ ನಡುವೆ ಹಣೆ ಬರಿದಾಗಿ ಬಿಟ್ಟರೆ ಐಸ್‌ಕ್ರೀಮ್ ಗಬಗಬ ತಿಂದಾಗ ಬರುವಂಥ ನೋವು ಹಣೆಗೆ ಬಡಿಯುತ್ತದೆ. ಮಾಸ್ಕ್ ಕೂರಿಸಿದ ಮೇಲೆ ಹುಡ್ಡಿನ ಅಂಚನ್ನು ಅದರ ಮೇಲಕ್ಕೆ ಎಳೆದು ಮುಚ್ಚಿ. ಗಾಜು ಮಂಜಾಗದಂತೆ ಒಳಗಡೆ ಎಂಜಲು ಸವರಿ ತೊಳೆಯುವುದು ಹಳೆಯ ಉಪಾಯ, ಈಗಲೂ ನಡೆಯುತ್ತದೆ. ಮೂಗಿನಿಂದ ಉಸಿರು ಬಿಟ್ಟರೆ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ: ಹೊರಗೆ ಮೂರು ಡಿಗ್ರಿ, ಒಳಗೆ ಬಿಸಿಯುಸಿರು.

ನೀರಿನಲ್ಲಿ

ಕಬ್ಬಿಣದ ಮೆಟ್ಟಿಲು ಇಳಿದರೆ ನೀರು. ಫಿನ್ಸ್, ಅಂದರೆ ಪಾದಕ್ಕೆ ಹಾಕುವ ಈಜುರೆಕ್ಕೆ, ಹಾಕುವುದು ಅಲ್ಲೇ. ಸೊಂಟದವರೆಗೆ ಇಳಿದಾಗ ನೀರಿನ ಒತ್ತಡ ಸೂಟನ್ನು ಕಾಲಿಗೆ ಅಮುಕುತ್ತದೆ, ತಣ್ಣಗೂ ಅನ್ನಿಸುತ್ತದೆ. ಹೆದರಿ ‘ಒದ್ದೆಯಾಯಿತು’ ಎನ್ನುವವರು ಬಹಳ. ಒತ್ತಡಕ್ಕೂ ಒದ್ದೆಗೂ ವ್ಯತ್ಯಾಸ ಗೊತ್ತಾಗಲು ಒಂದು ನಿಮಿಷ ಬೇಕು. ನಿಜಕ್ಕೂ ಸೋರಿದರೆ ಒಂದೇ ಜಾಗದಲ್ಲಿ ಚುಚ್ಚುವಂಥ ತಣ್ಣನೆಯ ಗೆರೆ ಹರಿದುಹೋಗುತ್ತದೆ. ಹಾಗಾದರೆ ಕೂಡಲೇ ಹೇಳಿ, ಆಗ ಮೆಟ್ಟಿಲು ಇನ್ನೂ ಕೈಗೆಟುಕುವ ದೂರದಲ್ಲಿರುತ್ತದೆ.

ಮುಖ ಅದ್ದಿದಾಗ ಆಗುವುದು ಬೇರೆ. ಮೊದಲ ಒಂದೆರಡು ನಿಮಿಷ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ. ಇದು ಧೈರ್ಯದ ಪ್ರಶ್ನೆಯಲ್ಲ, ತಣ್ಣೀರಿಗೆ ದೇಹ ಕೊಡುವ ಉತ್ತರ, ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಈಜಲು ಹೊರಡಬೇಡಿ. ಮೆಟ್ಟಿಲ ಕಂಬಿ ಹಿಡಿದು, ಮುಖ ಅದ್ದಿ, ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ ಉಸಿರಾಡಿ. ಸಣ್ಣ ಸಣ್ಣ ಉಸಿರು ಎಳೆದರೆ ಕೊಳವೆಯಲ್ಲಿದ್ದ ಹಳೆಯ ಗಾಳಿಯೇ ಮತ್ತೆ ಒಳಗೆ ಹೋಗಿ ಏದುಸಿರು ಹೆಚ್ಚುತ್ತದೆ. ತುಟಿ ಐದು ನಿಮಿಷದಲ್ಲಿ ಜೋಮು ಹಿಡಿಯುತ್ತದೆ. ಆಮೇಲೆ ನೋವಿರುವುದಿಲ್ಲ, ಆದರೆ ತುಟಿ ಸಡಿಲವಾಗಿದ್ದು ಗೊತ್ತಾಗದೆ ಮೂಲೆಯಿಂದ ನೀರು ಬರುತ್ತದೆ. ಹಲ್ಲು ಕಚ್ಚಿ ಹಿಡಿದರೆ ದವಡೆ ನೋಯುತ್ತದೆ, ಸ್ನಾರ್ಕೆಲ್ ಬಾಯಲ್ಲಿ ನಿಲ್ಲುವಷ್ಟು ಮಾತ್ರ ಕಚ್ಚಿ. ಕೊಳವೆಗೆ ನೀರು ಬಂದರೆ ಒಲೆ ಊದಿದ ಹಾಗೆ ಒಮ್ಮೆ ಜೋರಾಗಿ ಊದಿ.

ಕೈಯ ವಿಷಯದಲ್ಲಿ ನಿರೀಕ್ಷೆ ಕಡಿಮೆ ಇಟ್ಟುಕೊಳ್ಳಿ. ಗ್ಲೌಸಿನೊಳಗೆ ನೀರು ಬರುತ್ತದೆ, ಬರಲೆಂದೇ ಮಾಡಿದ್ದು, ಆ ನೀರು ಕೈಯ ಬಿಸಿಗೆ ನಿಧಾನ ಬೆಚ್ಚಗಾಗುತ್ತದೆ. ಕೈ ಬೀಸಿ ಈಜಿದರೆ ಬೆಚ್ಚಗಾದದ್ದು ಹೊರಹೋಗಿ ಹೊಸದು ಬರುತ್ತದೆ. ಕೈ ಹಿಂದಕ್ಕೆ ಕಟ್ಟಿ ಬೆನ್ನ ಮೇಲೆ, ನೀರಿನಿಂದ ಹೊರಗೆ ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ಗಾಳಿ ಜೋರಿದ್ದರೆ ಎರಡೂ ಕೈ ಜೋಡಿಸಿ ಎದೆಗೆ ಒತ್ತಿಕೊಳ್ಳುವುದು ವಾಸಿ. ಮುಷ್ಟಿ ಬಿಗಿದರೆ ಮಣಿಕಟ್ಟಿನ ಒಳಭಾಗದ ಎರಡು ಸ್ನಾಯುರಜ್ಜುಗಳು (ಟೆಂಡನ್) ಉಬ್ಬಿ, ನಡುವೆ ಕಾಲುವೆಯಾಗಿ ಸೀಲಿನಡಿ ನೀರು ಹರಿಯುತ್ತದೆ. ತೆಳ್ಳಗಿನ ಮಣಿಕಟ್ಟಿನವರು ಕ್ಯಾಮೆರಾವನ್ನು ಬಿಗಿಯಾಗಿ ಹಿಡಿದುಕೊಂಡೇ ತೋಳು ಒದ್ದೆ ಮಾಡಿಕೊಳ್ಳುವುದು. ಕ್ಯಾಮೆರಾಕ್ಕೆ ದಾರ ಕಟ್ಟಿ, ಮೆಟ್ಟಿಲಲ್ಲೇ ವಿಡಿಯೋ ಒತ್ತಿ ಹಾಗೇ ಬಿಡಿ. ಗ್ಲೌಸಿನ ಬೆರಳಿಗೆ ಗುಂಡಿ ಸಿಗುವುದಿಲ್ಲ, ಟಚ್‌ಸ್ಕ್ರೀನ್ ನೀರಿನಲ್ಲಿ ಕೆಲಸ ಮಾಡುವುದಿಲ್ಲ, ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ.

ಕಾಲು ಮೇಲಕ್ಕೆ ತೇಲಿದರೆ, ಒಳಗಿನ ಗಾಳಿ ಬೂಟಿಗೆ ಹೋಗಿದೆ ಎಂದರ್ಥ. ಒದ್ದಾಡಬೇಡಿ. ಮೊಣಕಾಲು ಎದೆಗೆ ಮಡಚಿ, ಮಗ್ಗುಲಾಗಿ ಹೊರಳಿ ಬೆನ್ನ ಮೇಲೆ ತೇಲಿದರೆ ಗಾಳಿ ತಾನಾಗಿ ಎದೆಯ ಕಡೆ ಬರುತ್ತದೆ. ಸುಸ್ತಾದಾಗಲೂ ಇದೇ ಭಂಗಿ.

ಈಜುವ ಕೆಲಸ ಅಷ್ಟಿಲ್ಲ. ಹರಿವು ಸರೋವರದ ಕಡೆಗೆ ನಿಧಾನವಾಗಿ ಒಯ್ಯುತ್ತದೆ. ಮೊದಲು ದೊಡ್ಡ ಬಿರುಕು, ಅಲ್ಲಿ ಕೆಲವೆಡೆ ಬಂಡೆ ಕೈಗೆಟುಕುವಷ್ಟು ಮೇಲೆ ಇರುತ್ತದೆ. ಆಮೇಲೆ ‘ಹಾಲ್’, ಅದಾದ ಮೇಲೆ ‘ಕ್ಯಾಥೆಡ್ರಲ್’ ಎಂದು ಕರೆಯುವ ಭಾಗಗಳು. ಇಡೀ ಪಯಣದ ಸಾರ ಕ್ಯಾಥೆಡ್ರಲಿನಲ್ಲಿದೆ: ಸುಮಾರು 100 ಮೀಟರ್ ನೇರ, ಎರಡು ಕಡೆ ಗೋಡೆ, ಈ ತುದಿಯಿಂದ ಆ ತುದಿ ಕಾಣುತ್ತದೆ. ಹತ್ತಿರದ ಕಲ್ಲಿನ ಬೂದು ಬಣ್ಣ ದೂರ ಹೋದಂತೆ ಹಸಿರಾಗಿ, ನೀಲಿಯಾಗಿ, ಕೊನೆಗೆ ಬರೀ ನೀಲಿಯಾಗುತ್ತದೆ. ನೀರು ಕೆಂಪು ಬೆಳಕನ್ನು ಮೊದಲು ನುಂಗುತ್ತದೆ, ಅದಕ್ಕೆ. ನಡುವೆ ಕೊಳೆಯೇ ಇಲ್ಲದ್ದರಿಂದ ಗಾಳಿಯಲ್ಲಿ ತೇಲಿದಂತಾಗಿ ಕೆಲವರಿಗೆ ಎತ್ತರದ ತಲೆಸುತ್ತು ಬರುತ್ತದೆ. ಹಾಗಾದರೆ ಗೋಡೆಯ ಒಂದು ಬಿಂದು ನೋಡುತ್ತ ಹೋಗಿ. ಮಾಸ್ಕಿನ ಗಾಜಿನಿಂದ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ ಎಂಬುದೂ ನೆನಪಿರಲಿ. ಇಡೀ ಸಿಲ್ಫ್ರಾದ ಅತ್ಯಾಳ ಗುಹೆಗಳಲ್ಲಿ, 63 ಮೀಟರ್. ಮೇಲೆ ತೇಲುವವರಿಗೆ ಅದು ಕಾಣುವುದಿಲ್ಲ.

ಕ್ಯಾಥೆಡ್ರಲ್ ಮುಗಿದಲ್ಲಿ ಎಡಕ್ಕೆ ತಿರುಗಬೇಕು. ಹರಿವು ನೇರ ಸರೋವರಕ್ಕೆ ಹೋಗುತ್ತದೆ, ನಿಮ್ಮ ದಾರಿ ಎಡಗಡೆಯ ಲಗೂನ್ ಎಂಬ ಕೊಳಕ್ಕೆ. ಇಡೀ ಹಾದಿಯಲ್ಲಿ ನಿಜವಾಗಿ ಕಾಲು ಬಡಿಯಬೇಕಾದದ್ದು ಇಲ್ಲೊಂದೇ ಕಡೆ. ಫೋಟೋ ತೆಗೆಯುತ್ತ ಹಿಂದುಳಿದವರನ್ನು ಗೈಡ್ ಎಳೆದು ತರುವುದೂ ಇಲ್ಲೇ. ಮೊಣಕಾಲಿನಿಂದ ಸೈಕಲ್ ತುಳಿದಂತೆ ಬಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಸೊಂಟದಿಂದ ಉದ್ದಕ್ಕೆ ಬಡಿಯಿರಿ. ಲಗೂನ್ ಆಳವಿಲ್ಲ, ತಳ ಮೆತ್ತನೆ ಮಣ್ಣು. ನಿಲ್ಲಬೇಡಿ, ಒಬ್ಬರ ಫಿನ್ ತಳಕ್ಕೆ ತಾಗಿದರೆ ಹಿಂದಿನ ಐದೂ ಜನಕ್ಕೆ ಬರೀ ರಾಡಿ.

ಮೇಲೆ ಬಂದ ಮೇಲೆ

ಹತ್ತುವ ಮೆಟ್ಟಿಲಲ್ಲಿ ಮೊದಲು ಫಿನ್ಸ್ ಬಿಚ್ಚಿ ಕೊಟ್ಟು ಆಮೇಲೆ ಹತ್ತಬೇಕು. ಅಲ್ಲಿಂದ ಪಾರ್ಕಿಂಗಿಗೆ ಕೆಲವು ನಿಮಿಷದ ನಡಿಗೆ. ಚಳಿಗಾಲದಲ್ಲಿ ನೀರಿಗಿಂತ ಹೊರಗಿನ ಗಾಳಿಯೇ ತಣ್ಣಗಿರುತ್ತದೆ, ಒದ್ದೆ ಹುಡ್ಡಿನ ಅಂಚಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಸೂಟು ನೀವೇ ಕಿತ್ತುಕೊಳ್ಳಲು ಹೋಗಬೇಡಿ, ಬೆರಳಿಗೆ ಬಲವಿರುವುದಿಲ್ಲ, ಸೀಲ್ ಹರಿಯುವುದು ಹೆಚ್ಚಾಗಿ ಈಗಲೇ. ಮೊದಲು ತಲೆ ಒರೆಸಿಕೊಂಡು ಟೋಪಿ ಹಾಕಿ, ಕಾಲುಚೀಲ ಬದಲಿಸಿ, ಆಮೇಲೆ ಉಳಿದದ್ದು. ಬಿಸಿ ಚಾಕೊಲೇಟ್, ಬಿಸ್ಕತ್ತು ಅವರೇ ಕೊಡುತ್ತಾರೆ. ಬೆರಳಿಗೆ ಸ್ಪರ್ಶ ಮರಳುವಾಗ ಸೂಜಿ ಚುಚ್ಚಿದ ಹಾಗೆ ನೋಯುತ್ತದೆ. ಕಾರಿನ ಹೀಟರಿನ ಬಾಯಿಗೆ ಕೈ ಒಡ್ಡಬೇಡಿ, ಜೋಮು ಹಿಡಿದ ಚರ್ಮಕ್ಕೆ ಸುಡುವುದು ತಿಳಿಯುವುದಿಲ್ಲ, ಕಂಕುಳಲ್ಲಿ ಇಟ್ಟುಕೊಳ್ಳಿ. ಸ್ಟೀರಿಂಗ್ ಹಿಡಿಯುವುದು ಬೆರಳು ಪೂರ್ತಿ ನಿಮ್ಮದಾದ ಮೇಲೆ. ನೀರಿನಿಂದ ಬಂದ ಮೇಲೂ ಸ್ವಲ್ಪ ಹೊತ್ತು ಮೈಯೊಳಗಿನ ಶಾಖ ಇಳಿಯುತ್ತಲೇ ಇರುತ್ತದೆ, ನಡುಕ ಹತ್ತು ನಿಮಿಷ ತಡವಾಗಿ ಶುರುವಾದರೆ ಆಶ್ಚರ್ಯವಿಲ್ಲ.

ಅಲ್ಲಿಂದ ಗೀಸರ್ ಎಂಬ ಬಿಸಿನೀರ ಬುಗ್ಗೆ, ಗುಲ್‌ಫಾಸ್ ಜಲಪಾತದ ಕಡೆ ಹೋಗುವವರಿಗೆ ಅರ್ಧ ಗಂಟೆ ದೂರದಲ್ಲಿ ಲೌಗರ್‌ವಾಟ್ನ್ ಎಂಬ ಊರು ಸಿಗುತ್ತದೆ. ಕೆರೆ ದಂಡೆಯ ಬಿಸಿ ಮರಳಿನಲ್ಲಿ ಪಾತ್ರೆ ಹೂತಿಟ್ಟು, 24 ಗಂಟೆ ಬೇಯಿಸಿ ರೈ ಬ್ರೆಡ್ ಮಾಡುತ್ತಾರೆ. ಕಪ್ಪಗೆ, ಸಿಹಿಯಾಗಿ, ಬೆಲ್ಲದ ಪಾಕ ಹಾಕಿದ ಕಡುಬಿನ ಹಾಗಿರುತ್ತದೆ. ಪಕ್ಕದಲ್ಲೇ ಬಿಸಿನೀರ ಕೊಳಗಳಿವೆ. ನಡುಕ ಪೂರ್ತಿ ನಿಂತ ಮೇಲೆ ಇಳಿಯಿರಿ, ಅದಕ್ಕೆ ಮುಂಚೆ ಇಳಿದರೆ ರಕ್ತ ಒಮ್ಮೆಲೇ ಚರ್ಮಕ್ಕೆ ಹರಿದು ತಲೆ ತಿರುಗುತ್ತದೆ. ಅಲ್ಲಿಯವರೆಗೆ ಬೆಣ್ಣೆ ಹಚ್ಚಿಕೊಂಡು ಬ್ರೆಡ್ ತಿನ್ನಬಹುದು.